ಗಿನಿಪಿಗ್‌ಗೆ ಯಾವ ಹುಲ್ಲು, ಯಾವ ಸೊಪ್ಪು? ಡಾಕ್ಟರಿಗೆ ಕೇಳಿ

ಡಾಕ್ಟರ್: ಪುಣೆಯಲ್ಲಿ ಮಳೆ ಹಿಡಿದಿದೆ. ಕುಂಡದಲ್ಲೂ ಕಾಂಪೌಂಡಿನಲ್ಲೂ ಕಳೆ ಎದ್ದಿದೆ. ಗಿನಿಪಿಗ್ ಸಾಕಿರುವವರು ಯಾವುದು ಹಾಕಬಹುದು, ಯಾವುದು ಬೇಡ ಅಂತ ಕೇಳಿ. ಎಲೆಯದೊಂದು, ಇಡೀ ಗಿಡದ್ದೊಂದು ಫೋಟೊ ಇರಲಿ. ರಾತ್ರಿ ಹತ್ತರವರೆಗೆ ಇರುತ್ತೇನೆ.

ಸಹನಾ (ಬಾಣೇರ್): ನಮಸ್ಕಾರ ಡಾಕ್ಟ್ರೇ. ಕುಂಡದಲ್ಲಿ ಗರಿಕೆ ಬಂದಿದೆ. ಜೊತೆಗೆ ಮೂರೆಲೆಯ ಸಣ್ಣ ಗಿಡ, ಹಳದಿ ಹೂವು. ಎರಡೂ ಕೊಡಬಹುದಾ?

ಡಾಕ್ಟರ್: ನಮಸ್ಕಾರ ಸಹನಾ ಅವರೇ. ಗರಿಕೆ ಧಾರಾಳವಾಗಿ ಕೊಡಿ, ಅದರ ಹಲ್ಲಿಗೂ ಹೊಟ್ಟೆಗೂ ಹುಲ್ಲೇ ಮುಖ್ಯ. ಹೂವಿನವರ ಹತ್ತಿರ ತಂದ ದೂರ್ವೆಯಾದರೆ ಚೆನ್ನಾಗಿ ತೊಳೆದು, ನೀರು ಇಳಿದ ಮೇಲೆ ಹಾಕಿ. ಮೂರೆಲೆಯದು ಹುಳಿಸೊಪ್ಪು. ಒಂದೆರಡು ಎಲೆ ತಿಂದಿದ್ದರೆ ಗಾಬರಿ ಬೇಡ, ಆದರೆ ನೀವಾಗಿ ಹಾಕಬೇಡಿ. ಆಕ್ಸಲೇಟ್ ಜಾಸ್ತಿ. ಗಿನಿಪಿಗ್‌ಗೆ ಮೂತ್ರದಲ್ಲಿ ಕಲ್ಲಾಗುವುದು ಮೊದಲೇ ಸುಲಭ.

ವಿನಾಯಕ (ಹಡಪ್ಸರ್): ಸರ್, ಇದು ಕೊತ್ತಂಬರಿ ತರ ಇದೆ. ಖಾಲಿ ಸೈಟ್ ತುಂಬಾ ಬೆಳೆದಿದೆ.

ಡಾಕ್ಟರ್: ಕಾಂಗ್ರೆಸ್ ಗಿಡ. ಬೇಡ. ಕೀಳುವುದಾದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಶೋಭಾ (ವಾಕಡ್): ಗೋಣಿ ಸೊಪ್ಪು? ನಾವೇ ಪಲ್ಯ ಮಾಡಿ ತಿಂತೀವಲ್ಲ.

ಡಾಕ್ಟರ್: ಅದರಲ್ಲೂ ಆಕ್ಸಲೇಟ್. ಬೇಡ.

ರೇಖಾ (ಕೊತ್ರೂಡ್): ಡಾಕ್ಟ್ರೇ, ಅರ್ಜೆಂಟ್. ಸೊಸೈಟಿ ಮಾಲಿ ಬೆಳಿಗ್ಗೆ ಹುಲ್ಲು, ಬೇಲಿ ಎರಡೂ ಕತ್ತರಿಸಿದ್ದ. ನಮ್ಮತ್ತೆ ಒಂದು ಚೀಲ ತುಂಬಿಕೊಂಡು ಬಂದು ಮಧ್ಯಾಹ್ನ ಹಾಕಿದರು. ಈಗ ಮೂಲೆಯಲ್ಲಿ ಕೂತುಬಿಟ್ಟಿದೆ. ಸೌತೆಕಾಯಿ ತೋರಿಸಿದರೂ ಬರುತ್ತಿಲ್ಲ. ಗಲ್ಲದ ಕೆಳಗೆ ಕೂದಲು ಒದ್ದೆ. ಚೀಲದಲ್ಲಿ ಉಳಿದದ್ದರ ಫೋಟೊ ಹಾಕಿದ್ದೇನೆ.

ಮಂಜುನಾಥ (ಪಿಂಪ್ರಿ): ಅಕ್ಕ, ಗಾಬರಿ ಆಗಬೇಡಿ. ನನಗೆ ಬಂದ ಮೆಸೇಜ್ ಕಳಿಸ್ತಿದ್ದೀನಿ: ‘ವಿಷದ ಸೊಪ್ಪು ತಿಂದ ಪ್ರಾಣಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ನಂತರ ಮಜ್ಜಿಗೆಗೆ ಅರಿಶಿನ, ಒಂದು ಚಮಚ ಕೊಬ್ಬರಿ ಎಣ್ಣೆ.’

ಡಾಕ್ಟರ್: ರೇಖಾ ಅವರೇ, ಬಾಯಿಗೆ ಏನೂ ಹಾಕಬೇಡಿ. ಗಿನಿಪಿಗ್‌ಗೆ ವಾಂತಿ ಮಾಡಲು ಆಗುವುದೇ ಇಲ್ಲ. ಬಲವಂತವಾಗಿ ಎಣ್ಣೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಫೋಟೊ ದೊಡ್ಡದು ಮಾಡಿ ನೋಡಿದೆ. ಹುಲ್ಲಿನ ನಡುವೆ ಉದ್ದನೆಯ, ದಪ್ಪ ಚರ್ಮದಂಥ ಎಲೆ ತುಂಡುಗಳಿವೆ. ನಡುವೆ ತಿಳಿ ಬಣ್ಣದ ದಪ್ಪ ನರ, ಅದರಿಂದ ಎರಡೂ ಕಡೆ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಸಣ್ಣ ನರಗಳು. ಒಂದು ಕಡ್ಡಿಯಲ್ಲಿ ಒಂದೇ ಗೆಣ್ಣಿಗೆ ಮೂರು ಎಲೆ ಇನ್ನೂ ಅಂಟಿಕೊಂಡಿವೆ. ಇದು ಕಣಗಿಲೆ. ಮಾಲಿಗೆ ಕಣ್ಹೇರ್ ಅಂದರೆ ಗೊತ್ತಾಗುತ್ತದೆ. ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಅದು ನೇರ ಹೃದಯದ ಮೇಲೆ ಕೆಲಸ ಮಾಡುತ್ತದೆ, ಬಡಿತ ತಪ್ಪಿಸುತ್ತದೆ.

ಬೆಳಿಗ್ಗೆವರೆಗೆ ಕಾಯಬೇಡಿ, ಈಗಲೇ ಹೊರಡಿ. ಮೊಲ, ಗಿನಿಪಿಗ್ ನೋಡಿ ಅಭ್ಯಾಸ ಇರುವ ಡಾಕ್ಟರೇ ಬೇಕು. ಮೊದಲು ಫೋನ್ ಮಾಡಿ ‘ಕಣಗಿಲೆ ತಿಂದಿದೆ, ಎದೆಬಡಿತ ನೋಡಬೇಕು’ ಅಂತ ಹೇಳಿ. ಚೆನ್ನಾಗಿರುವ ಗಿನಿಪಿಗ್‌ನ ಎದೆ ನಿಮಿಷಕ್ಕೆ ಸುಮಾರು 240ರಿಂದ 310 ಸಲ ಬಡಿಯುತ್ತದೆ. ಪೆಟ್ಟಿಗೆಯಲ್ಲಿ ಟವೆಲ್ ಹಾಸಿ ಬೆಚ್ಚಗಿಡಿ, ಜಾಸ್ತಿ ಮುಟ್ಟಬೇಡಿ. ಉಳಿದ ಹುಲ್ಲನ್ನು ಚೀಲದ ಸಮೇತ ಒಯ್ಯಿರಿ. ಇದ್ದಿಲ ಪುಡಿ ಕೊಡುವುದಿದ್ದರೂ ಅಲ್ಲಿಯವರೇ ನಿರ್ಧಾರ ಮಾಡಲಿ. ಎಷ್ಟು ಹೊತ್ತಿಗೆ ತಿಂದಿತು? ಇನ್ನೊಂದು ಗಿನಿಪಿಗ್ ಇದೆಯಾ?

ರೇಖಾ (ಕೊತ್ರೂಡ್): ಎರಡು ಗಂಟೆ ಸುಮಾರಿಗೆ. ಇನ್ನೊಂದಿದೆ, ಅದು ತಿನ್ನುತ್ತಿದೆ.

ಡಾಕ್ಟರ್: ಅದನ್ನೂ ಕರೆದುಕೊಂಡು ಹೋಗಿ. ಹೊರಡಿ.

ಮಂಜುನಾಥ (ಪಿಂಪ್ರಿ): ನಮ್ಮೂರಲ್ಲಿ ಕರುವಿಗೆ ಹೀಗೇ ಮಜ್ಜಿಗೆ ಕುಡಿಸಿ ಉಳಿಸಿದ್ದಾರೆ. ಹಳೇ ಮನೆಮದ್ದನ್ನ ಅಷ್ಟು ಹಗುರ ಮಾಡಬೇಡಿ.

ಚೇತನ್ (ಔಂಧ್): ಮಂಜಣ್ಣ, ಕರು ಎಲ್ಲಿ, ಒಂದು ಕೆಜಿ ತೂಗದ ಪ್ರಾಣಿ ಎಲ್ಲಿ? ಡಾಕ್ಟ್ರು ಬೇಡ ಅಂದಮೇಲೂ ಯಾಕೆ?

ಮಂಜುನಾಥ (ಪಿಂಪ್ರಿ): ನೀನು ಯಾವಾಗ ಡಾಕ್ಟರ್ ಆದೆ?

ಚೇತನ್ (ಔಂಧ್): ಆಗಬೇಕಿಲ್ಲ. ಓದಲು ಬಂದರೆ ಸಾಕು.

ಶೋಭಾ (ವಾಕಡ್): ಇಬ್ಬರೂ ಸುಮ್ನಿರಿ. ತಪ್ಪು ಮಾಲಿಯದು. ಬೇಲಿ ಬೇರೆ, ಹುಲ್ಲು ಬೇರೆ ಇಡಬೇಕಿತ್ತು.

ವಿನಾಯಕ (ಹಡಪ್ಸರ್): ಮಾಲಿಗೇನು ಗೊತ್ತು, ಇದು ಇವರ ಗಿನಿಪಿಗ್ ಹೊಟ್ಟೆಗೆ ಹೋಗುತ್ತೆ ಅಂತ? ಅವನು ಕಸಕ್ಕೆ ರಾಶಿ ಹಾಕಿದ್ದು.

ಪೂರ್ಣಿಮಾ (ಮಡಗಾಂವ್): ಡಾಕ್ಟ್ರೇ, ದಾಸವಾಳದ ಎಲೆ ಕೊಡಬಹುದಾ?

ಗಿರೀಶ (ಕಾತ್ರಜ್): ನಮ್ಮದಕ್ಕೆ ಎರಡು ದಿನದಿಂದ ಸೀನು. ಮಗನಿಗೆ ಕೊಟ್ಟ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ. ಎರಡು ಹನಿ ಹಾಕಲಾ? ಒಂದು ಗ್ರೂಪ್‌ನಲ್ಲಿ ಹಾಕಿ ಅಂದರು.

ಡಾಕ್ಟರ್: ಬೇಡ. ಈ ಸಾಲನ್ನು ಎಲ್ಲರೂ ಓದಿ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಗಿನಿಪಿಗ್ ಬಾಯಿಗೆ ಹೋದರೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಕೆಟ್ಟವು ಬೆಳೆದು ವಿಷ ಬಿಡುತ್ತವೆ. ಪ್ರಾಣಿ ಸಾಯುತ್ತದೆ. ಸೀನಿಗೆ ಬೇರೆ ಔಷಧಿ ಇದೆ, ಪರೀಕ್ಷೆ ಮಾಡಿಸಿ. ಫಾರ್ವರ್ಡ್ ನೋಡಿ ಮದ್ದು ಹಾಕುವುದನ್ನು ದಯವಿಟ್ಟು ಬಿಡಿ.

ಮಂಜುನಾಥ (ಪಿಂಪ್ರಿ): ಎಲ್ಲ ಫಾರ್ವರ್ಡ್ ಸುಳ್ಳು ಅಂತಲ್ಲ.

ಡಾಕ್ಟರ್: ಈಗ ನೀವು ಕಳಿಸಿದ್ದು ಸುಳ್ಳು. ಅಳಿಸಿ.

ದೀಪಾ (ಬಾಣೇರ್): ಮೂರೆಲೆಯ ಗಿಡ, ಹಳದಿ ಹೂವು. ಹಾಕಬಹುದಾ ಸರ್?

ಡಾಕ್ಟರ್: ಮೇಲೆ ಓದಿ.

ದೀಪಾ (ಬಾಣೇರ್): ಸ್ವಲ್ಪ ಸಮಾಧಾನವಾಗಿ ಹೇಳಬಹುದಿತ್ತು.

ಸಹನಾ (ಬಾಣೇರ್): ದೀಪಾ, ನಾನೇ ಕೇಳಿದ್ದು. ಬೇಡ ಅಂದಿದ್ದಾರೆ.

ವಿನಾಯಕ (ಹಡಪ್ಸರ್): ಹುಲ್ಲಲ್ಲಿ ಬೇರೆ ಎಲೆ ಇಲ್ಲ ಅಂದರೆ ಮಷೀನಲ್ಲಿ ಕತ್ತರಿಸಿದ್ದು ಓಕೆನಾ?

ಡಾಕ್ಟರ್: ಇಲ್ಲ. ಮಷೀನ್ ಜಜ್ಜುತ್ತದೆ, ರಾಶಿಯಲ್ಲಿ ಬೇಗ ಬಿಸಿಯಾಗಿ ಹುದುಗುತ್ತದೆ. ತಿಂದರೆ ಹೊಟ್ಟೆ ಉಬ್ಬರ. ಕತ್ತರಿಯಿಂದ ನೀವೇ ಕತ್ತರಿಸಿ, ಒಂದೊಂದು ಹಿಡಿ ನೋಡಿ. ಕಳೆನಾಶಕ ಹೊಡೆದ ಕಡೆ, ನಾಯಿ ಓಡಾಡುವ ಕಡೆ ಬೇಡ. ಎಕ್ಕ, ದತ್ತೂರಿ, ಹರಳು, ಲಂಟಾನ, ಮನಿಪ್ಲಾಂಟ್ ಒಂದೆಲೆಯೂ ಒಳಗೆ ಬರಬಾರದು. ಗುರುತು ಸಿಗದ ಗಿಡ ಅಂದರೆ ಹಾಕಬಾರದ ಗಿಡ.

ರೇಖಾ (ಕೊತ್ರೂಡ್): ತಲುಪಿದೆವು. ಬಡಿತ ಏರುಪೇರಾಗಿದೆ ಅಂದರು. ರಾತ್ರಿ ಅಲ್ಲೇ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಸದ್ಯಕ್ಕೆ ಸರಿಯಾಗಿದೆ. ಅತ್ತೆ ಅಳುತ್ತಿದ್ದಾರೆ.

ಡಾಕ್ಟರ್: ಸರಿಯಾದ ಕಡೆ ಹೋಗಿದ್ದೀರಿ. ಅತ್ತೆಗೆ ಏನೂ ಅನ್ನಬೇಡಿ, ಹಸಿರು ಮೇವು ಅಂತ ಪ್ರೀತಿಯಿಂದ ತಂದಿದ್ದಾರೆ. ನನಗೆ ಇನ್ನೊಂದು ಚಿಂತೆ: ಮಾಲಿ ಕತ್ತರಿಸಿದ ರಾಶಿ ಈಗ ಎಲ್ಲಿದೆ?

ರೇಖಾ (ಕೊತ್ರೂಡ್): ಗೇಟಿನ ಹೊರಗೆ, ಕಸದ ತೊಟ್ಟಿ ಪಕ್ಕ.

ಡಾಕ್ಟರ್: ಕಣಗಿಲೆ ಒಣಗಿದರೂ ವಿಷ ಹೋಗುವುದಿಲ್ಲ. ರಸ್ತೆಯ ಹಸು ಬಾಯಿ ಹಾಕಿದರೆ ಅದೂ ಉಳಿಯುವುದು ಕಷ್ಟ. ಸೆಕ್ರೆಟರಿಗೆ ಈಗಲೇ ಫೋನ್ ಮಾಡಿ. ಇವತ್ತು ರಾತ್ರಿಯೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಸಲಿ. ಸುಡಬಾರದು, ಹೊಗೆಯೂ ಕೆಟ್ಟದ್ದು.

ರೇಖಾ (ಕೊತ್ರೂಡ್): ಮಾಡಿದೆ. ವಾಚ್‌ಮನ್ ಚೀಲ ತಗೊಂಡು ಹೋಗಿದ್ದಾನೆ.