ಅಮ್ಮನ ಎಕೋ ರಿಪೋರ್ಟ್ ಎರಡು ಕಡೆ ಎರಡು ತರ ಬಂದಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಅರಸೀಕೆರೆಯಿಂದ

ಅಮ್ಮನಿಗೆ 56 ವರ್ಷ. ಒಂದು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದಾಗ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾಗಿದೆ ಅಂದರು. ವಿಸ್ತೀರ್ಣ 1.1 ಚದರ ಸೆಂ.ಮೀ., ಗ್ರೇಡಿಯಂಟ್ 14, ‘ಸಿವಿಯರ್’ ಅಂತ ಬರೆದಿದ್ದಾರೆ. ಹದಿನೈದು ದಿನ ಬಿಟ್ಟು ಇನ್ನೊಂದು ಕಡೆ ಮಾಡಿಸಿದರೆ 1.4, ಗ್ರೇಡಿಯಂಟ್ 8, ‘ಮಾಡರೇಟ್’. ಯಾವುದನ್ನು ನಂಬೋದು? ನಾಡಿ ಬಡಿತ ಏರುಪೇರು ಇದೆ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ಶುರು ಮಾಡಿದ್ದಾರೆ. ಈಗ ವಾಲ್ವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಮೊದಲು ಗಂಟಲಿನೊಳಗಿಂದ ಮಾಡುವ ಎಕೋ, ಟಿಇಇ, ಆಗಬೇಕಂತೆ. ಅಮ್ಮ ಆ ಪೈಪು ನುಂಗೋದೇ ಇಲ್ಲ ಅಂತ ಕೂತಿದ್ದಾರೆ. ಅದರ ಬದಲು ಸಿಟಿ ಸ್ಕ್ಯಾನ್ ಮಾಡಿಸಿದರೆ ಆಗಲ್ವಾ?

ಮೈಸೂರಿನಿಂದ

ನನಗೂ ಇದೇ ವಾಲ್ವ್. ಚಿಕ್ಕವಳಿದ್ದಾಗ ಗಂಟಲುನೋವು, ಆಮೇಲೆ ಕೀಲುನೋವು, ಜ್ವರ. ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ವಾಲ್ವ್ ಕೆಡಿಸುವ ರುಮ್ಯಾಟಿಕ್ ಜ್ವರ ಅಂತ ಗೊತ್ತಾಗಿದ್ದು 27ನೇ ವಯಸ್ಸಿನಲ್ಲಿ, ಉಸಿರು ಕಟ್ಟಲು ಶುರುವಾದ ಮೇಲೆ.

ನಿಮ್ಮ ಎರಡೂ ರಿಪೋರ್ಟ್ ನನಗೆ ಬೇರೆ ಬೇರೆ ಅನಿಸಲಿಲ್ಲ. ಸರಿಯಾಗಿರುವ ಮೈಟ್ರಲ್ ವಾಲ್ವ್ 4ರಿಂದ 6 ಚದರ ಸೆಂ.ಮೀ. ತೆರೆದುಕೊಳ್ಳುತ್ತದೆ. ಮೊದಲೆಲ್ಲ 1ಕ್ಕಿಂತ ಕೆಳಗಿದ್ದರೆ ಮಾತ್ರ ಸಿವಿಯರ್ ಅನ್ನುತ್ತಿದ್ದರು. 2014ರ ಅಮೆರಿಕದ ಮಾರ್ಗಸೂಚಿ ಬಂದ ಮೇಲೆ 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಸಿವಿಯರ್ ಲೆಕ್ಕಕ್ಕೇ ಬರುತ್ತದೆ. ಕೆಲವು ಕಡೆ ಇನ್ನೂ ಹಳೆಯ ಪಟ್ಟಿ ನೋಡಿ ‘ಮಾಡರೇಟ್’ ಅಂತ ಬರೆಯುತ್ತಾರೆ. ನನಗೂ ಹೀಗೇ ಆಗಿತ್ತು. ಆ ಒಂದು ಪದ ನೋಡಿ ನೆಮ್ಮದಿಯಾಗಿ ಎಂಟು ತಿಂಗಳು ಕಳೆದೆ. ಆಗ ಸಂಖ್ಯೆ 1.3 ಇತ್ತು!

ಇನ್ನೊಂದು ವಿಷಯ ಕೇಳಬೇಕು. ಮೊದಲ ಸಲ ಎಕೋ ಮಾಡುವ ಮುಂಚೆ ಅಮ್ಮ ಮೆಟ್ಟಿಲು ಹತ್ತಿ ಬಂದಿದ್ರಾ?

ಹುಬ್ಬಳ್ಳಿಯಿಂದ, ಎಕೋ ಟೆಕ್ನಿಷಿಯನ್

ಮೇಲಿನ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಗ್ರೇಡಿಯಂಟ್ ಅಂದರೆ ವಾಲ್ವಿನ ಆಚೆ ಈಚೆ ಇರುವ ಒತ್ತಡದ ವ್ಯತ್ಯಾಸ. ಹೃದಯ ಜೋರಾಗಿ ಬಡಿಯುತ್ತಿದ್ದರೆ ರಕ್ತ ಇಳಿಯಲು ಸಮಯ ಸಿಗಲ್ಲ, ಹಾಗಾಗಿ ಅದು ಏರುತ್ತದೆ. ನಿಮಿಷಕ್ಕೆ 110 ಬಡಿತದಲ್ಲಿ 14 ಬಂದವರಿಗೆ 70ರಲ್ಲಿ 8 ಬಂದರೆ ನನಗೇನೂ ಆಶ್ಚರ್ಯ ಇಲ್ಲ. ಅದಕ್ಕೇ ರಿಪೋರ್ಟಿನ ಮೂಲೆಯಲ್ಲಿ ಎಚ್‌ಆರ್ (ನಿಮಿಷಕ್ಕೆ ಹೃದಯ ಬಡಿತ) ಅಂತ ಇರುವುದನ್ನು ಮೊದಲು ನೋಡಿ. ನಾಡಿ ಏರುಪೇರಿದ್ದರೆ ಒಂದು ಬಡಿತ ಅಳೆದರೆ ಸಾಲದು, ಐದಾರು ಬಡಿತ ಅಳೆದು ಸರಾಸರಿ ತೆಗೆಯಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾಗ ಎಲ್ಲ ಕಡೆ ಹಾಗೆ ಮಾಡುತ್ತಾರಾ ಅಂದರೆ, ನಿಜ ಹೇಳಬೇಕು, ಇಲ್ಲ.

ವಿಸ್ತೀರ್ಣದ ಕತೆಯೂ ಅಷ್ಟೇ. ಪರದೆಯ ಮೇಲೆ ವಾಲ್ವ್ ಮೀನಿನ ಬಾಯಿ ತರ ತೆರೆದು ಮುಚ್ಚುತ್ತಿರುತ್ತದೆ. ಪೂರ್ತಿ ತೆರೆದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ ಅದರ ಅಂಚಿನ ಗುಂಟ ನಾವು ಕೈಯಲ್ಲೇ ಗೆರೆ ಎಳೆಯುತ್ತೇವೆ. ಪ್ರೋಬ್ ಸ್ವಲ್ಪ ಮೇಲೆ ಹಿಡಿದರೆ ಬಾಯಿ ದೊಡ್ಡದಾಗಿ ಕಾಣುತ್ತದೆ. 0.2, 0.3 ಹೆಚ್ಚು ಕಡಿಮೆ ಆಗೋದು ದಿನಾ ನೋಡುತ್ತೇನೆ. ಹಳೆಯ ರಿಪೋರ್ಟ್ ಜೊತೆ ಸಿ.ಡಿ.ಯನ್ನೂ ಕೇಳಿ ಇಟ್ಟುಕೊಳ್ಳಿ. ಡಾಕ್ಟರಿಗೆ ಕಾಗದಕ್ಕಿಂತ ಓಡುವ ಚಿತ್ರವೇ ಬೇಕು.

ಈ ವಾಲ್ವಿಗೂ ಎಕೋಗೂ ಹಳೆಯ ನಂಟು. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಎಡ್ಲರ್ ಅನ್ನುವ ಹೃದಯದ ಡಾಕ್ಟರು ಮತ್ತು ಹರ್ಟ್ಜ್ ಅನ್ನುವ ಭೌತವಿಜ್ಞಾನಿ ಸೇರಿ ಇದನ್ನು ಶುರು ಮಾಡಿದರು. ಹಡಗು ಕಟ್ಟುವಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವೇ ಅವರಿಗೆ ದಾರಿ ತೋರಿಸಿದ್ದು. ಎಡ್ಲರ್‌ಗೆ ಬೇಕಿದ್ದಿದ್ದು ಇದೇ ಮೈಟ್ರಲ್ ವಾಲ್ವ್, ಆಪರೇಷನ್ನಿಗೆ ಮೊದಲು ಅದರ ಸ್ಥಿತಿ ತಿಳಿಯಬೇಕಿತ್ತು.

ಶಿವಮೊಗ್ಗದಿಂದ

ಟಿಇಇ ಬಗ್ಗೆ ನಾನು ಹೇಳುತ್ತೇನೆ, ಎರಡು ಸಲ ಮಾಡಿಸಿಕೊಂಡಿದ್ದೇನೆ. ಆರು ತಾಸು ಏನೂ ತಿಂದಿರಬಾರದು. ಗಂಟಲಿಗೆ ಒಂದು ಸ್ಪ್ರೇ ಹೊಡೆದರು, ಕಹಿ ಅಂದರೆ ಕಹಿ. ಎರಡು ನಿಮಿಷಕ್ಕೆ ನಾಲಿಗೆ ಹಲಗೆ ಆಯಿತು, ಉಗುಳು ನುಂಗಿದ್ದೇ ಗೊತ್ತಾಗುತ್ತಿರಲಿಲ್ಲ. ಎಡ ಮಗ್ಗುಲಾಗಿ ಮಲಗಿಸಿ ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ ಇಟ್ಟರು. ಪೈಪು ಕಿರುಬೆರಳಿನಷ್ಟು ದಪ್ಪ. ‘ನುಂಗಿ’ ಅಂದಾಗ ನಾನು ತಲೆ ಹಿಂದಕ್ಕೆ ಎಳೆದೆ, ಅದೇ ತಪ್ಪು. ಗದ್ದ ಎದೆಗೆ ತಾಗಿಸಿ ನುಂಗಿದರೆ ಸಲೀಸು. ಎರಡನೇ ಸಲ ನಿದ್ದೆ ಬರುವ ಇಂಜೆಕ್ಷನ್ ಕೇಳಿ ಹಾಕಿಸಿಕೊಂಡೆ. ಪೈಪು ಹೋಗಿದ್ದೂ ಬಂದಿದ್ದೂ ಸರಿಯಾಗಿ ನೆನಪಿಲ್ಲ.

ಆಮೇಲೆ ಗಂಟಲಿನ ಜೋಮು ಬಿಡುವವರೆಗೆ ನೀರೂ ಕುಡಿಯಬಾರದು, ನೆತ್ತಿಗೇರುತ್ತದೆ. ನಾನು ಅವಸರ ಮಾಡಿ ಒಂದು ಗುಟುಕು ಕಾಫಿ ಕುಡಿದು ಬೈಸಿಕೊಂಡೆ. ಅಮ್ಮನಿಗೆ ತೆಗೆಯುವ ಹಲ್ಲಿನ ಸೆಟ್ ಇದ್ದರೆ, ಊಟ ನುಂಗಲು ಕಷ್ಟ ಇದ್ದರೆ ಮೊದಲೇ ಹೇಳಿಬಿಡಿ.

ಇದನ್ನು ತಪ್ಪಿಸಲು ನೋಡಬೇಡಿ. ಹೃದಯದ ಎಡ ಮೇಲಿನ ಕೋಣೆಗೆ ಸಣ್ಣ ಜೇಬಿನಂಥ ಒಂದು ಮೂಲೆ ಇದೆ. ನಾಡಿ ಏರುಪೇರಿದ್ದವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಎದೆ ಮೇಲಿಂದ ಮಾಡುವ ಎಕೋದಲ್ಲಿ ಅದು ಸರಿಯಾಗಿ ಕಾಣಲ್ಲ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಂತೆ ಇರುವುದರಿಂದ ಒಳಗಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಹೆಪ್ಪು ಇದ್ದಾಗ ಬಲೂನ್ ಹಾಕಿದರೆ ಅದು ಕಿತ್ತು ಮಿದುಳಿಗೆ ಹೋಗಬಹುದು. ಮೊದಲ ಸಲ ನನಗೆ ಸಣ್ಣದೊಂದು ಕಂಡಿತು. ಮೂರು ತಿಂಗಳು ಅಸಿಟ್ರೋಮ್ ಕೊಟ್ಟು ಮತ್ತೆ ನೋಡಿದರು, ಕರಗಿತ್ತು. ಬಲೂನ್ ಆಮೇಲೇ ಆಯಿತು.

ಬೆಂಗಳೂರಿನಿಂದ

ಸಿಟಿ ನಮ್ಮ ತಂದೆಗೆ ಉಪಯೋಗ ಆಯಿತು. ಆದರೆ ಅವರದು ಬೇರೆ ವಾಲ್ವ್, ಹೃದಯದಿಂದ ಮೈಗೆ ರಕ್ತ ಹೊರಡುವ ಜಾಗದ ಅಯೋರ್ಟಿಕ್. 78 ವರ್ಷ. ಎಕೋದಲ್ಲಿ ವಿಸ್ತೀರ್ಣ 0.8 ಅಂದರೆ ಸಿವಿಯರ್, ಆದರೆ ರಕ್ತದ ವೇಗ ಸೆಕೆಂಡಿಗೆ 3.4 ಮೀಟರ್ ಅಷ್ಟೇ. ಸಿವಿಯರ್ ಅನ್ನಲು 4 ಇರಬೇಕು. ಒಂದು ಹೂಂ ಅನ್ನುತ್ತಿದೆ, ಇನ್ನೊಂದು ಉಹೂಂ. ಆಗ ವಾಲ್ವಿನಲ್ಲಿ ಸುಣ್ಣ ಎಷ್ಟು ಕಟ್ಟಿದೆ ಅಂತ ಸಿಟಿಯಲ್ಲಿ ಅಳೆದರು. ಇದಕ್ಕೆ ಡೈ ಇಂಜೆಕ್ಷನ್ ಬೇಕಿಲ್ಲ. ಆ ಸುಣ್ಣದ ಅಂಕ ಗಂಡಸರಿಗೆ 2000, ಹೆಂಗಸರಿಗೆ 1200 ದಾಟಿದರೆ ಸಿವಿಯರ್ ಇರುವ ಸಾಧ್ಯತೆ ಜಾಸ್ತಿ. ಅಪ್ಪನಿಗೆ 2600 ಬಂತು, ಅನುಮಾನ ತೀರಿತು. ನಿಮ್ಮ ಅಮ್ಮನ ತರದ ವಾಲ್ವಿಗೆ ಎಕೋನೇ ಮುಖ್ಯ. ದಳಗಳು ಎಷ್ಟು ದಪ್ಪ, ಎಷ್ಟು ಅಲುಗಾಡುತ್ತವೆ, ಕೆಳಗಿನ ದಾರಗಳು ಎಷ್ಟು ಅಂಟಿಕೊಂಡಿವೆ ಅಂತ ನೋಡಿ ಅಂಕ ಕೊಡುತ್ತಾರೆ. 8 ಅಥವಾ ಕಡಿಮೆ ಇದ್ದರೆ ಬಲೂನಿಗೆ ಒಳ್ಳೆಯದು.

ಕಲಬುರಗಿಯಿಂದ

ನಮ್ಮ ತಂಗಿಗೆ ಗೊತ್ತಾಗಿದ್ದು ಆರನೇ ತಿಂಗಳ ಬಸುರಿಯಲ್ಲಿ. ಬಸುರಿಯಲ್ಲಿ ರಕ್ತದ ಪ್ರಮಾಣ ಏರುತ್ತದಲ್ಲ, ಅಲ್ಲಿವರೆಗೆ ಸುಮ್ನಿದ್ದ ವಾಲ್ವ್ ಆಗ ತೊಂದರೆ ಕೊಡಲು ಶುರು ಮಾಡಿತು. ಎಕೋದಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಮಗುವಿಗೆ ತೊಂದರೆ ಇಲ್ಲ. ಜಯದೇವದಲ್ಲಿ ತೋರಿಸಿದೆವು. ನಮ್ಮಲ್ಲೂ ಅದರ ಶಾಖೆ ಇದೆ, ಮೈಸೂರಲ್ಲೂ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ.

ಅರಸೀಕೆರೆಯಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಎಚ್‌ಆರ್ ನೋಡಿದೆ, ಮೊದಲ ರಿಪೋರ್ಟಲ್ಲಿ 108, ಎರಡನೇದರಲ್ಲಿ 74. ಅವತ್ತು ಲಿಫ್ಟ್ ಕೆಟ್ಟಿತ್ತು, ಎರಡು ಮಹಡಿ ಹತ್ತಿಸಿದ್ದೆ. ಅಮ್ಮನಿಗೆ ಮೇಲ್ಸಾಲಿನ ಹಲ್ಲು ಸೆಟ್ಟಿನದೇ, ಯಾರೂ ಕೇಳಿರಲಿಲ್ಲ. ನಿದ್ದೆ ಇಂಜೆಕ್ಷನ್ ಅಂದ ಮೇಲೆ ಅರ್ಧ ಒಪ್ಪಿದ್ದಾರೆ. ಗುರುವಾರ ಬರಲು ಹೇಳಿದ್ದಾರೆ. ಬುಧವಾರ ರಾತ್ರಿಯ ಅಸಿಟ್ರೋಮ್ ಬಿಡಬೇಕಾ?

ಶಿವಮೊಗ್ಗದಿಂದ

ನನಗೆ ಬಿಡಿಸಲಿಲ್ಲ, ಟಿಇಇಗೆ ಸಾಮಾನ್ಯವಾಗಿ ಬಿಡಿಸುವುದಿಲ್ಲ. ನೀವಾಗೇ ನಿಲ್ಲಿಸಬೇಡಿ, ನಾಳೆ ಫೋನ್ ಮಾಡಿ ಕೇಳಿ. ಕೊನೆಯ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಪರೀಕ್ಷೆ) ಚೀಟಿ ಕೈಯಲ್ಲೇ ಇರಲಿ, ಹೋದ ತಕ್ಷಣ ಕೇಳುತ್ತಾರೆ.