ಓದುಗರ ಸ್ಪಂದನ: ಅಪ್ಪನ ಪದ್ಮಿನಿಯನ್ನು ಏನು ಮಾಡಲಿ?

ಕಳೆದ ಸಂಚಿಕೆಯಲ್ಲಿ ಮೈಸೂರಿನ ಓದುಗರೊಬ್ಬರು ತಮ್ಮ ಸಮಸ್ಯೆಯನ್ನು ಬರೆದಿದ್ದರು. ಎರಡು ವರ್ಷಗಳ ಹಿಂದೆ ತೀರಿಕೊಂಡ ಅವರ ತಂದೆಯ 1982ರ ಪ್ರೀಮಿಯರ್ ಪದ್ಮಿನಿ ಕಾರು ಕೊಪ್ಪದ ಸಮೀಪದ ತೋಟದ ಮನೆಯಲ್ಲಿ, ಕೊಟ್ಟಿಗೆಯ ಮಗ್ಗುಲಿಗೆ ನಿಂತಿದೆ. ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ತಳದ ತಗಡು, ಎಂಜಿನ್, ಬಣ್ಣ ಎಲ್ಲ ಸೇರಿ ಎರಡೂಕಾಲು ಲಕ್ಷ ಎಂದಿದ್ದಾರೆ. ಅಮೆರಿಕದಲ್ಲಿರುವ ಅಣ್ಣ ‘ಮಾರಬೇಡ’ ಎನ್ನುತ್ತಾರೆ. ಹಣದ ಮಾತೆತ್ತಿದರೆ ಫೋನಿನ ಸಂಪರ್ಕ ಕಡಿದುಹೋಗುತ್ತದೆ. ರಿಪೇರಿ ಮಾಡಿಸಿ ಇಟ್ಟುಕೊಳ್ಳಲೇ, ಕೊಟ್ಟುಬಿಡಲೇ ಎಂಬುದು ಪ್ರಶ್ನೆ. ಬಂದ ಪತ್ರಗಳಲ್ಲಿ ಕಾರಿನ ಬಗ್ಗೆ ಬರೆದವರಿಗಿಂತ ತಮ್ಮ ಅಪ್ಪಂದಿರ ಬಗ್ಗೆ ಬರೆದವರೇ ಹೆಚ್ಚು. ಆಯ್ದ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ.

*

ಎರಡೂಕಾಲು ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ. ಅದರ ಬಡ್ಡಿಯಲ್ಲಿ ವರ್ಷಕ್ಕೆ ಎರಡು ಸಲ ಬಾಡಿಗೆ ಕಾರು ಮಾಡಿಕೊಂಡು ಊರಿಗೆ ಹೋಗಿ ಅಮ್ಮನನ್ನು ನೋಡಿ ಬರಬಹುದು, ಅಸಲು ಹಾಗೆಯೇ ಉಳಿಯುತ್ತದೆ. ಪದ್ಮಿನಿಗೆ ಸುರಿದರೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ. ಎಷ್ಟೇ ಚೆನ್ನಾಗಿ ಮಾಡಿಸಿದರೂ ಅದರಲ್ಲಿ ಏರ್‌ಬ್ಯಾಗ್ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಭಾವನೆ ಬೇಡವೆನ್ನುವವನು ನಾನಲ್ಲ. ಒಂದು ಒಳ್ಳೆಯ ಫೋಟೊ ತೆಗೆದು ಚೌಕಟ್ಟು ಹಾಕಿಸಿ.
— ಲೆಕ್ಕಪರಿಶೋಧಕ, ಬೆಂಗಳೂರು

*

ಅಪ್ಪ ಇದ್ದಾಗ ಆ ಕಾರು ಎರಡು ವರ್ಷ ನಿಂತಿತ್ತೇ? ನಿಲ್ಲಿಸಿದವರು ನೀವು. ಈಗ ಊರವರನ್ನೆಲ್ಲ ಕೇಳುತ್ತಿದ್ದೀರಿ.
— ಓದುಗ, ಹಾಸನ

*

ಮೊದಲನೆಯ ಪತ್ರದ ಲೆಕ್ಕದಲ್ಲಿ ತಪ್ಪಿಲ್ಲ. ಅಮ್ಮನ ಹೆಸರೆತ್ತಿದ ಕೆಲವೇ ಪತ್ರಗಳಲ್ಲಿ ಅದೂ ಒಂದು. ಎರಡನೆಯದರ ಮಾತು ಖಾರವಾಯಿತು. ಕುಮಟಾದಿಂದ ಬಂದ ಮುಂದಿನ ಪತ್ರ ಹೇಳುವುದೂ ಸುಮಾರಾಗಿ ಅದನ್ನೇ. ಉದ್ದವಿದೆ, ನಾವು ಕತ್ತರಿ ಆಡಿಸಿಲ್ಲ.

*

ನಿಮ್ಮ ಪತ್ರವನ್ನು ಅರ್ಧ ಓದಿ ಮಡಚಿಟ್ಟೆ. ಮರುದಿನ ತೆಗೆದು ಪೂರ್ತಿ ಓದಿದೆ.

ನಮ್ಮದು 1978ರ ಅಂಬಾಸಿಡರ್, ಬಿಳಿಯದು. ಅಪ್ಪ ತೀರಿಕೊಂಡದ್ದು 2003ರ ಮೇ ತಿಂಗಳಲ್ಲಿ. ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ನಾನೂ ತಮ್ಮನೂ ಸೇರಿ ಅದರ ಮೇಲೆ ನೀಲಿ ತಾಡಪಾಲು ಹೊದಿಸಿ ಕಟ್ಟಿದೆವು. ಮಳೆಗಾಲ ಮುಗಿಯಲಿ, ಆಮೇಲೆ ರಿಪೇರಿ ಮಾಡಿಸೋಣ ಎಂದೆ. ಯಾವ ವರ್ಷದ ಮಳೆಗಾಲ ಎಂದು ಹೇಳಲಿಲ್ಲ.

ನಮ್ಮ ಮನೆಗೂ ಕಡಲಿಗೂ ಒಂದೂವರೆ ಕಿಲೋಮೀಟರ್. ಉಪ್ಪುಗಾಳಿಗೆ ತಾಡಪಾಲು ಲೆಕ್ಕಕ್ಕಿಲ್ಲ. ಅದು ತೇವವನ್ನು ಒಳಗೇ ಹಿಡಿದಿಟ್ಟು ತುಕ್ಕಿಗೆ ಉಪಕಾರ ಮಾಡುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಬಾಗಿಲಿನ ಕೆಳಗಿನ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡತೊಡಗಿತು. ಮಕ್ಕಳಿಗೆ ಖುಷಿ. ನಾನೂ ನಕ್ಕೆ.

ಕೇಳಿದವರು ಇರಲಿಲ್ಲವೆಂದಲ್ಲ. 2006ರಲ್ಲಿ ಶಿರಸಿಯ ಟ್ಯಾಕ್ಸಿಯವರೊಬ್ಬರು ಬಂದು, ಎಂಜಿನ್ ಇನ್ನೂ ಗಟ್ಟಿಯಿದೆ, ನಾನು ಓಡಿಸುತ್ತೇನೆ, ಕೊಡಿ ಎಂದರು. ಅಪ್ಪನ ಕಾರಿನಲ್ಲಿ ಬಾಡಿಗೆಯವರು ಕೂರುವುದೇ ಎಂದು ಚಹಾ ಕೊಟ್ಟು ಕಳುಹಿಸಿದೆ. ಕೋಳಿ ಕೂರಬಹುದಾಗಿತ್ತು, ಬಾಡಿಗೆಯವರು ಕೂರುವಂತಿರಲಿಲ್ಲ.

ಪ್ರತಿ ವರ್ಷ ಆಯುಧಪೂಜೆಗೆ ತಾಡಪಾಲಿನ ಮುಂಭಾಗವನ್ನಷ್ಟೇ ಎತ್ತಿ, ಬಾನೆಟ್ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದೆವು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವುದೂ ತಪ್ಪಲಿಲ್ಲ. ಉಳಿದವರ ಮನೆಯಲ್ಲಿ ಗಾಡಿ ಒಂದು ಮಾರು ಮುಂದೆ ಹೋಗುತ್ತದೆ, ನಿಂಬೆಹಣ್ಣು ಪಚಕ್ಕೆಂದು ಒಡೆಯುತ್ತದೆ. ನಮ್ಮದು ಹೋಗುವಂತಿರಲಿಲ್ಲ. ದೀಪಾವಳಿಗೆ ಅಂಗಳ ಗುಡಿಸುವಾಗ ಆ ನಾಲ್ಕೂ ಇಟ್ಟಲ್ಲೇ ಒಣಗಿ, ಅಡಿಕೆಯಷ್ಟು ಗಟ್ಟಿಯಾಗಿ ಸಿಗುತ್ತಿದ್ದವು. ನನ್ನ ಹೆಂಡತಿ ಅವನ್ನು ನನಗೆ ಕಾಣದಂತೆ ತೆಂಗಿನ ಬುಡಕ್ಕೆ ಎಸೆಯುತ್ತಿದ್ದಳು. ಹನ್ನೊಂದು ವರ್ಷ ಹೀಗೆ.

2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತೆಂದು ಪೇಪರಿನಲ್ಲಿ ಬಂತು. ಇನ್ನು ಬಿಡಿಭಾಗ ಸಿಗುವುದಿಲ್ಲ ಎಂದು ಮನೆಯಲ್ಲಿ ದೊಡ್ಡ ದನಿಯಲ್ಲಿ ಓದಿ ಹೇಳಿದೆ. ನೆಪ ಸಿಕ್ಕಿದ್ದಕ್ಕೆ ಹಗುರವಾಗಿದ್ದೆ ಎಂದು ಈಗ ಬರೆಯಲು ನಾಚಿಕೆಯಿಲ್ಲ. ಮರುವಾರ ಗುಜರಿಯವರು ಗ್ಯಾಸ್ ಕಟರ್ ತಂದರು. ಇಡಿಯಾಗಿ ಎಳೆದರೆ ತಳ ಕಳಚಿಬೀಳುತ್ತದೆ, ಇಲ್ಲೇ ಕೊಯ್ಯುತ್ತೇವೆ ಎಂದರು.

ಅಪ್ಪ ಸ್ಟೇರಿಂಗಿಗೆ ಕೆಂಪು ಪ್ಲಾಸ್ಟಿಕ್ ದಾರ ಸುತ್ತಿಸಿದ್ದರು. ಅವರ ಬಲಗೈ ಇರುತ್ತಿದ್ದ ಜಾಗದಲ್ಲಿ ಅದು ಸವೆದು ಕಪ್ಪಗೆ ಹೊಳೆಯುತ್ತಿತ್ತು. ಗುಜರಿಯ ಹುಡುಗ ಅದನ್ನು ಬಿಚ್ಚಿ ತಂದು, ‘ಇದು ಬೇಕೇ?’ ಎಂದು ಕೇಳಿದ. ಅಕ್ಕಪಕ್ಕದ ನಾಲ್ಕಾರು ಜನ ನೋಡುತ್ತ ನಿಂತಿದ್ದರು. ‘ಅದನ್ನಿಟ್ಟುಕೊಂಡು ಏನು ಮಾಡಲಿ’ ಎಂದುಬಿಟ್ಟೆ. ಅವನು ಅದನ್ನು ಲಾರಿಗೆ ಎಸೆದ.

ಹದಿನೇಳು ಸಾವಿರ ಎಣಿಸಿ ಕೊಟ್ಟರು. ಆ ಹಣದಲ್ಲಿ ಏನು ಕೊಂಡೆವೋ ನೆನಪಿಲ್ಲ.

ರಿಪೇರಿ ಮಾಡಿಸಿ, ಇಲ್ಲವೇ ನಾಳೆಯೇ ಓಡಿಸುವವರಿಗೆ ಕೊಡಿ. ತಾಡಪಾಲು ಮಾತ್ರ ತರಬೇಡಿ.
— ನಿವೃತ್ತ ಅಂಚೆ ನೌಕರ, ಕುಮಟಾ

*

ಮೈಸೂರಿನ ಓದುಗರ ಮನೆಯಲ್ಲಿ ತಾಡಪಾಲು ಈಗಾಗಲೇ ಬಂದಿದೆಯೋ ಇಲ್ಲವೋ ನಮಗೆ ತಿಳಿಯದು. ಉತ್ಸಾಹದ ದನಿಯೊಂದು ಹೀಗಿದೆ:

*

ಕೊಡಲೇಬೇಡಿ! ಸ್ಟೇರಿಂಗಿನ ಪಕ್ಕದಲ್ಲೇ ಗೇರ್ ಇರುವ ಕಾರನ್ನು ಇಂದಿನ ಎಷ್ಟು ಹುಡುಗರು ಓಡಿಸಬಲ್ಲರು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಲೆದರೆ ಬೇಕಾದ್ದು ಸಿಗುತ್ತದೆ. ಮೂಲ ಬಣ್ಣವನ್ನು ಬದಲಿಸಬೇಡಿ, ಕ್ರೋಮ್ ಗ್ರಿಲ್ ಪಾಲಿಶ್ ಮಾಡಿಸಿ. ಆಮೇಲೆ ವಿಂಟೇಜ್ ಎಂದು ನೋಂದಣಿ ಮಾಡಿಸಿಬಿಡಿ, ಯಾವ ತಾಪತ್ರಯವೂ ಇಲ್ಲ.
— ಹಳೆಯ ಕಾರುಗಳ ಪ್ರೇಮಿ, ಬೆಂಗಳೂರು

*

ಯಾರಾದರೊಬ್ಬರು ವಿಂಟೇಜ್ ಎಂದು ಬರೆದೇ ಬರೆಯುತ್ತಾರೆ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ: 2021ರ ಕೇಂದ್ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ತುಂಬಿರಬೇಕು. ನಿಮ್ಮದಕ್ಕೆ 2032ರವರೆಗೆ ಕಾಯಬೇಕು. ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯ ಓಡಿಸುವಂತೆಯೂ ಇಲ್ಲ.

ನೀವು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿಲ್ಲ. ಆರ್‌ಸಿ, ಅಂದರೆ ನೋಂದಣಿ ಪತ್ರ, ಯಾರ ಹೆಸರಿನಲ್ಲಿದೆ? ಮಾಲೀಕರು ತೀರಿಕೊಂಡರೆ ಮೂವತ್ತು ದಿನಗಳಲ್ಲಿ ಆರ್‌ಟಿಒ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ನಿಮಗೆ ಎರಡು ವರ್ಷ ಕಳೆದಿದೆ. ದಂಡ ಕಟ್ಟಿಯಾದರೂ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಅಂದರೆ ನಿಮ್ಮ ಅಣ್ಣ ಹಣ ಕೊಡದಿದ್ದರೂ ಸಹಿಯನ್ನಾದರೂ ಹಾಕಬೇಕು. ಸಹಿಗೆಂದು ಫೋನ್ ಮಾಡಿದರೆ ಸಂಪರ್ಕ ಕಡಿಯಲಾರದು.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ತಂದೆಯವರು ತಪ್ಪದೆ ಮಾಡಿಸಿದ್ದರೆ ನಿಮ್ಮ ಮುಂದಿನ ಸರದಿ 2027. ಇಪ್ಪತ್ತು ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಹತ್ತು ಸಾವಿರಕ್ಕೆ ಏರಿಸಿದ್ದಾರೆ. ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸುವಂತಿಲ್ಲ ಎಂಬ ಸುದ್ದಿ ಕೇಳಿ ಹೆದರಬೇಡಿ, ಅದು ನಮ್ಮಲ್ಲಿಲ್ಲ. ಇಲ್ಲಿ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು, ಅಷ್ಟೇ. ಕೊಡುವುದೇ ಆದರೂ ಆರ್‌ಸಿ ರದ್ದುಪಡಿಸದೆ ಗುಜರಿಗೆ ಕೊಡಬೇಡಿ. ಆ ನಂಬರ್ ನಾಳೆ ಯಾವ ಗಾಡಿಯ ಮೇಲೆ ಓಡುತ್ತದೆಯೋ ಹೇಳಲಾಗದು.
— ಸಾರಿಗೆ ಇಲಾಖೆಯ ನಿವೃತ್ತ ಅಧೀಕ್ಷಕ, ಚಿಕ್ಕಮಗಳೂರು

*

ನಾನೂ ಅಂಥದ್ದೇ ಒಬ್ಬ ಅಣ್ಣ. ‘ಮಾರಬೇಡ’ ಎನ್ನಲು ಖರ್ಚಿಲ್ಲ, ಅದಕ್ಕೇ ಹೇಳುತ್ತೇವೆ. ನಮ್ಮ ಮನಸ್ಸಿನಲ್ಲಿ ಊರಿನ ಮನೆ ನಾವು ಹೊರಟ ದಿನ ಹೇಗಿತ್ತೋ ಹಾಗೆಯೇ ಇದೆ, ಅಂಗಳದಲ್ಲಿ ಕಾರು ಸಮೇತ. ಊರ ಮನೆಯ ಹೆಂಚಿನ ವಿಷಯದಲ್ಲಿ ನನ್ನ ತಂಗಿ ಒಂದು ದಿನ, ‘ಒಟ್ಟು ಇಷ್ಟು, ನಿನ್ನ ಪಾಲು ಇಷ್ಟು, ಹದಿನೈದನೆಯ ತಾರೀಖಿನೊಳಗೆ’ ಎಂದು ಮೂರೇ ಸಾಲು ಬರೆದಳು. ಅಂದೇ ಕಳುಹಿಸಿದೆ. ಆಮೇಲೆ ಒಂದು ವಾರ ಇಬ್ಬರೂ ಮಾತಾಡಲಿಲ್ಲ, ಅದು ಬೇರೆ ಮಾತು.
— ಕನ್ನಡಿಗ, ನ್ಯೂಜೆರ್ಸಿ

*

ನಿಮ್ಮ ಪತ್ರದಲ್ಲಿ ಅಪ್ಪ ಹದಿನಾಲ್ಕು ಸಲ ಬಂದಿದ್ದಾರೆ, ಅಣ್ಣ ಆರು ಸಲ. ಅಮ್ಮ ಒಂದೇ ಸಲ: ‘ಅಮ್ಮ ಏನೂ ಹೇಳುವುದಿಲ್ಲ.’ ಕೇಳಿದಿರಾ?

ನಮ್ಮವರ ಜೀಪು ಅವರು ಹೋದ ಮೇಲೆ ಆರು ವರ್ಷ ಅಂಗಳದಲ್ಲಿ ನಿಂತಿತ್ತು. ಮಗನಿಗೆ ಅದು ಅಪ್ಪನ ನೆನಪು. ಅವನು ಬೆಂಗಳೂರಿನಲ್ಲಿದ್ದ. ನೆನಪಿನ ಒಳಗಿನ ಇಲಿಗೂಡು ತೆಗೆಯುತ್ತಿದ್ದವಳು ನಾನು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರು ಅದರ ಸುತ್ತ ಮುದುಡಿ ಕೂರಬೇಕಿತ್ತು. ಅದು ಹೋದ ದಿನ ನಾನು ಅಳುತ್ತೇನೆಂದು ಮಗ ರಜೆ ಹಾಕಿ ಬಂದಿದ್ದ. ನಾನು ಆ ಜಾಗಕ್ಕೆ ಸಗಣಿ ಸಾರಿಸಿದೆ. ಅದು ಒಣಗಿದ ಮೇಲೆ ಅಂಗಳ ಎಷ್ಟು ದೊಡ್ಡದಾಯಿತು ಎಂದರೆ, ನಡುವೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕುಳಿತೆ.

ನಿಮ್ಮ ಅಮ್ಮ ಹೀಗೆಯೇ ಎನ್ನುವುದಿಲ್ಲ. ಅವರಿಗೆ ಅದೇ ಕಾರಿನಲ್ಲಿ ಇನ್ನೊಮ್ಮೆ ಹೊರನಾಡಿಗೆ ಹೋಗಿಬರುವ ಆಸೆಯಿರಬಹುದು. ಇದ್ದರೆ ಎರಡೂಕಾಲು ಲಕ್ಷ ಹೆಚ್ಚೇನಲ್ಲ.
— ಗೃಹಿಣಿ, ಸಾಗರ

*

ಹಳೆಯ ಸಂಚಿಕೆ ತೆಗೆದು ನಾವೂ ಎಣಿಸಿದೆವು. ಹದಿನಾಲ್ಕು, ಆರು, ಒಂದು. ಹಣ ಹೂಡುವುದೇ ಆದರೆ ಎಲ್ಲಿಂದ ಶುರು ಎಂಬುದಕ್ಕೆ ದಾವಣಗೆರೆಯಿಂದ ಬಂದ ಉತ್ತರ ಇದು.

*

ನನ್ನದು ನಲವತ್ತು ವರ್ಷದ ಗ್ಯಾರೇಜ್ ಕೆಲಸ. ನಿಮ್ಮ ಮೆಕ್ಯಾನಿಕ್ ಹೇಳಿದ ಮೊತ್ತ ಸರಿಯೋ ತಪ್ಪೋ ಗಾಡಿ ನೋಡದೆ ಹೇಳಲಾರೆ. ಆದರೆ ಬಣ್ಣದ ಮಾತಾಡುವ ಮೊದಲು ಗಾಡಿಯನ್ನು ಜಾಕ್ ಮೇಲೆ ಎತ್ತಿಸಿ, ನೀವೇ ಅಡಿಗೆ ಬಗ್ಗಿ ನೋಡಿ. ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಚಾಸಿಸ್. ಬಾಗಿಲಿನ ಕೆಳಗಿನ ಪಟ್ಟಿಯನ್ನೂ ಮುಂದಿನ ಸಸ್ಪೆನ್ಷನ್ ಕೂರುವ ಜಾಗವನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ. ಟಣ್ ಎಂದರೆ ಜೀವ ಇದೆ. ಒಳಗೆ ಇಳಿದುಹೋದರೆ ನಿಮ್ಮ ಹಣವೂ ಅಲ್ಲೇ ಇಳಿಯುತ್ತದೆ. ತೂತಿನ ಮೇಲೆ ತಗಡು ಬೆಸುಗೆ ಹಾಕಿ ಪುಟ್ಟಿ ಮೆತ್ತಿ ಹೊಳಪು ಕೊಡುವುದು ಟಿಂಕರಿಂಗ್‌ನವರಿಗೆ ಎರಡು ದಿನದ ಕೆಲಸ. ಎರಡು ಮಳೆಗಾಲ ತಡೆಯುವುದಿಲ್ಲ.

ಎಂಜಿನ್‌ಗೆ ಹೆದರಬೇಡಿ, 1089 ಸಿಸಿಯ ಸರಳ ಯಂತ್ರ ಅದು. ಎರಡು ವರ್ಷ ನಿಂತದ್ದನ್ನು ಬ್ಯಾಟರಿ ಹಾಕಿ ಒಮ್ಮೆಲೇ ತಿರುಗಿಸಬಾರದು. ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟು ಕೈಯಿಂದ ತಿರುಗಿಸಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಚೆಲ್ಲಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ; ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದನ್ನು ತಾಳುವುದಿಲ್ಲ, ಬದಲಿಸಿ. ಎಲ್ಲಕ್ಕಿಂತ ಮೊದಲು ಬ್ರೇಕ್ ಸಿಲಿಂಡರ್. ಮುಂಬಯಿಯ ಟ್ಯಾಕ್ಸಿಗಳ ದೆಸೆಯಿಂದ ಪದ್ಮಿನಿಯ ಭಾಗಗಳು ಬಹುಕಾಲ ಸಲೀಸಾಗಿ ಸಿಗುತ್ತಿದ್ದವು. ಆ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದವು, ಇನ್ನು ಹುಡುಕಾಟ ಹೆಚ್ಚು.

ಒಂದು ಮಾತು ಕೇಳುತ್ತೇನೆ. ಘಾಟಿ ಹತ್ತುವಾಗ ಪಂಪು ಕಾದು ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ, ನಿಮ್ಮ ತಂದೆಯವರು ಇಳಿದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುತ್ತಿದ್ದರು. ಆ ಕಾಲದಲ್ಲಿ ಮಲೆನಾಡಿನಲ್ಲಿ ಫಿಯೆಟ್ (ಪದ್ಮಿನಿಯ ಮೊದಲಿನ ಹೆಸರು) ಇಟ್ಟವರೆಲ್ಲ ಹಾಗೆಯೇ ಮಾಡುತ್ತಿದ್ದರು. ನಿಮಗೆ ಆ ಹತ್ತು ನಿಮಿಷ ಇದೆಯೇ?
— ಮೆಕ್ಯಾನಿಕ್, ದಾವಣಗೆರೆ

*

ಸಲಹೆ ಏನೂ ಇಲ್ಲ. ಗಾಡಿಯನ್ನು ನಾನು ತೆಗೆದುಕೊಳ್ಳುತ್ತೇನೆ. ನಗದು.
— ಓದುಗ, ತುಮಕೂರು

*

ಈ ಪತ್ರದ ಕೊನೆಯಲ್ಲಿದ್ದ ಮೊಬೈಲ್ ಸಂಖ್ಯೆಯನ್ನು ತೆಗೆದಿದ್ದೇವೆ. ಇಂಥವೇ ಇನ್ನೂ ಏಳು ಪತ್ರಗಳಿವೆ. ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ, ಮೈಸೂರಿಗಲ್ಲ, ಕೊಪ್ಪದ ಮನೆಯ ವಿಳಾಸಕ್ಕೆ ಕಳುಹಿಸಿದ್ದೇವೆ.

ಮುಂದಿನ ಸಮಸ್ಯೆ ಅತ್ತೆ ಬಿಟ್ಟುಹೋದ ಹೊಲಿಗೆ ಯಂತ್ರ ಮತ್ತು ಅದನ್ನು ಕೇಳುತ್ತಿರುವ ಮೂವರು ಸೊಸೆಯರದು. ಪತ್ರಗಳು 200 ಪದ ಮೀರದಿರಲಿ. ಕುಮಟಾದವರಿಗೆ ಕೊಟ್ಟ ವಿನಾಯಿತಿ ಎಲ್ಲರಿಗೂ ಇಲ್ಲ.