ಬಿಜಿಪಿ ಹಿಸ್ಟರಿ ಆ್ಯನಿಮೇಶನ್‌ದಾಗ 2008ರ ಯೂಟ್ಯೂಬ್ ಹೈಜಾಕ್ ಕಾಣವಲ್ದು, ಯಾರರ ನೋಡ್ರಿ

ಉಣಕಲ್ ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಎಂಟೆಕ್ ಕಂಪ್ಯೂಟರ್ ಸೈನ್ಸ್ ಮಾಡಾಕತ್ತೀನಿ, ಥೀಸಿಸ್ ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳೋ ಪ್ರೊಟೊಕಾಲ್) ರೂಟಿಂಗ್ ಹಿಸ್ಟರಿ ಮ್ಯಾಲೆ, ಅಂದ್ರ ಒಂದು ಅಡ್ರೆಸ್‌ಗೆ ಹೋಗೋ ಎಎಸ್ (ತನ್ನದ ನಂಬರ್ ಇರೋ ಒಂದೊಂದು ಸಂಸ್ಥೆಯ ನೆಟ್‌ವರ್ಕು) ದಾರಿ ಹೊತ್ತು ಹೋದಂಗ ಹೆಂಗ ಬದಲಾತು ಅಂತ ಗ್ರಾಫ್‌ದಾಗ ಓಡಿಸಿ ತೋರಸೋದು. ರೋಮಾ ತ್ರೆ ಯುನಿವರ್ಸಿಟಿಯವ್ರು ಮಾಡಿದ ಬಿಜಿಪ್ಲೇ ನೋಡಿದವ್ರಿಗೆ ಲಗೂನ ತಿಳೀತೈತಿ, ಅದ ಜಾತೀದು.

ಟೆಸ್ಟ್‌ಗೆ 2008ರ ಫೆಬ್ರವರಿ 24 ತೊಗೊಂಡೀನಿ. ಅವತ್ತು ಪಾಕಿಸ್ತಾನ್ ಟೆಲಿಕಾಂ (ಎಎಸ್ 17557) ತನ್ನ ದೇಶದಾಗ ಯೂಟ್ಯೂಬ್ ಬಂದ್ ಮಾಡಾಕ ಹಾಕಿದ ರೂಟು ಅದರ ಅಪ್‌ಸ್ಟ್ರೀಮ್ ಪಿಸಿಸಿಡಬ್ಲ್ಯೂ (ಎಎಸ್ 3491) ಕೂಡ ಹೊರಗ ಬಂದು ಜಗತ್ತಿನ ಟ್ರಾಫಿಕ್ ಆ ಕಡೆ ತಿರುಗಿತ್ತು. ಡೇಟಾ ರೈಪ್ ಎನ್‌ಸಿಸಿಯ (ಯುರೋಪ್ ಕಡೆ ಇಂಟರ್ನೆಟ್ ಅಡ್ರೆಸ್ ಹಂಚೋ ಸಂಸ್ಥೆ) ರಿಸ್ ಅನ್ನೋ ರೂಟ್ ಆರ್ಕೈವ್‌ದು, ಸಂಜಿ 4ರ ಹೊತ್ತಿನ ರಿಬ್ ಡಂಪ್ (ಆ ಹೊತ್ತಿನ ಪೂರಾ ರೂಟ್ ಟೇಬಲ್) ತೊಗೊಂಡು ಅದರ ಮ್ಯಾಲೆ ಆಮ್ಯಾಲಿನ ಬದಲಾವಣೆ ಇರೋ ಅಪ್‌ಡೇಟ್ ಫೈಲ್ ಹಚ್ಚಾಕತ್ತೀನಿ, ಪೈಬಿಜಿಪಿಸ್ಟ್ರೀಮ್‌ಲೆ ಓದಿ ಡಿ3ದಾಗ ಚಿತ್ರ. ಎಲ್ಲಾ ಓಡ್ತೈತಿ, ಆದ್ರ 18:47ಕ್ಕ ಏನೂ ಆಗವಲ್ದು! ಗೆರಿ ಎಲ್ಲಾ ಸುಮ್ನ ಯೂಟ್ಯೂಬ್ (ಎಎಸ್ 36561) ಕಡೆನ ಹೊಂಟಾವ. ಹೈಜಾಕ್ ಎಲ್ಲಿ ಹೋತು ತಿಳೀವಲ್ದು, ಮುಂದಿನ ವಾರ ಗೈಡ್ ಸರ್‌ಗೆ ತೋರಸಬೇಕು.

ಗದಗ ಎನ್‌ಓಸಿ
ತಮ್ಮಾ, ಫಿಲ್ಟರ್ ಏನ್ ಹಾಕೀದಿ ಅದನ್ನ ಬರಿ ಮೊದಲ.

ಉಣಕಲ್ ಹುಡುಗ
ಪ್ರಿಫಿಕ್ಸ್ ಎಕ್ಸಾಕ್ಟ್ 208.65.152.0/22 ರೀ ಅಣ್ಣಾರ, ಅಂದ್ರ ಬರೋಬ್ಬರಿ ಆ ಒಂದು ಅಡ್ರೆಸ್ ಗುಂಪು (ಪ್ರಿಫಿಕ್ಸ್) ಅಷ್ಟ. ಯೂಟ್ಯೂಬ್ ಅವಾಗ ಅನೌನ್ಸ್ ಮಾಡ್ತಿದ್ದುದು ಅದ ಅಲ್ರೀ.

ಗದಗ ಎನ್‌ಓಸಿ
ಅಲ್ಲೇ ಐತಿ ನೋಡು. ಆ /22ಕ್ಕ ಅವತ್ತು ಯಾರೂ ಕೈ ಹಚ್ಚಿಲ್ಲ. ಪಾಕಿಸ್ತಾನ್ ಟೆಲಿಕಾಂ ಬಿಟ್ಟಿದ್ದು 208.65.153.0/24, ಅದು /22ರ ಹೊಟ್ಟ್ಯಾಗಿಂದು ಖರೇ, ಆದ್ರ ಬಿಜಿಪಿಗೆ ಅದು ಬ್ಯಾರೇನ ಪ್ರಿಫಿಕ್ಸು, ಟೇಬಲ್‌ದಾಗ ಬ್ಯಾರೆ ಸಾಲು. /22ರಾಗ 1024 ಅಡ್ರೆಸ್, /24ರಾಗ 256. ರೂಟರ್ ಪ್ಯಾಕೆಟ್ ಕಳಿಸೋ ಮುಂದ ಎರಡೂ ಹೊಂದಿದ್ರ ಉದ್ದಂದನ್ನ (/ ಮುಂದಿನ ನಂಬರ್ ದೊಡ್ಡದಿರೋದನ್ನ) ಹಿಡೀತೈತಿ, ಎಎಸ್ ಪಾತ್ ಎಷ್ಟ ಸಣ್ಣದಿರ್ಲಿ ದೊಡ್ಡದಿರ್ಲಿ, ಆ ಲೆಕ್ಕ ಒಂದ ಪ್ರಿಫಿಕ್ಸ್ ಒಳಗ ಅಷ್ಟ. ಅದಕ್ಕ /22 ಮಿಸುಕಾಡಲಾರದ ನಿಂತಿದ್ರೂ ಟ್ರಾಫಿಕ್ ಹೋತು.

ಎಕ್ಸಾಕ್ಟ್ ತೆಗೆದು ಪ್ರಿಫಿಕ್ಸ್ ಮೋರ್ ಹಾಕು, ಒಳಗಿನ ಸಣ್ಣವೆಲ್ಲಾ ಬರ್ತಾವ. ಇನ್ನೊಂದು, ನಿನ್ನ ಚಿತ್ರ ಪ್ರಿಫಿಕ್ಸ್ ಮ್ಯಾಲೆ ಕಟ್ಟಬ್ಯಾಡ, ಒಂದು ಅಡ್ರೆಸ್ ಮ್ಯಾಲೆ ಕಟ್ಟು. 208.65.153.10 ಅಂತ ಇಟ್ಕೋ, ಆ ಹೊತ್ತಿಗೆ ಒಂದೊಂದು ಪೀರ್ (ರಿಸ್‌ಗೆ ತನ್ನ ರೂಟು ಹೇಳೋ ರೂಟರ್) ಹಂತ್ಯಾಕ ಇದ್ದ ಸಾಲಿನಾಗ ಯಾವದು ಎಲ್ಲಕ್ಕಿಂತ ಉದ್ದ ಹೊಂದತೈತಿ ಅದರ ಪಾತ್ ತೋರಸು. ಥೀಸಿಸ್‌ದಾಗ ಇದ ಮುಖ್ಯ ವಿಷಯ ಆಗಬೇಕಂತ ನನಗ ಅನಸ್ತೈತಿ, ಯಾಕಂದ್ರ ನೋಡೋರಿಗೆ ಬೇಕಾಗಿದ್ದು ಪ್ಯಾಕೆಟ್ ಎಲ್ಲಿಗೆ ಹೋತು ಅಂತ.

ಉಣಕಲ್ ಹುಡುಗ
ಬಂತ್ರಿ ಅಣ್ಣಾರ!! ಮೋರ್ ಹಾಕಿ ಉದ್ದ ಹೊಂದೋದು ಆರಿಸಿದ ಕೂಡ್ಲೆ 3491 ಹಿಂದ 17557 ಬಂದು ಕುಂತು ಗೆರಿ ಎಲ್ಲಾ ಒಂದೊಂದ ಆ ಕಡೆ ವಾಲಿದ್ವು, ನೋಡಿ ಮೈ ಝುಂ ಅಂತು. ಆದ್ರ ಈಗ ಬ್ಯಾರೆ ತ್ರಾಸ ಶುರು ಆಗೇತಿ. 21:01ಕ್ಕ ಪಿಸಿಸಿಡಬ್ಲ್ಯೂ ವಾಪಸ್ ತೊಗೊಂಡಿತು ಅಂತ ರೈಪ್‌ದವ್ರು ಬರದಾರ, ನನ್ನ ಗ್ರಾಫ್‌ದಾಗ 17557ರ ಗೆರಿ ಆಮ್ಯಾಲೂ ಹಂಗ ಉಳೀತಾವ. ವಿತ್‌ಡ್ರಾ ಮೆಸೇಜ್ ಬಂದ್ರ ಗೆರಿ ಅಳಸಾಕ ಕೋಡ್ ಐತಿ, ಆ ಮೆಸೇಜ ಭಾಳ ಬರವಲ್ವು. ಮತ್ತ ಅಕ್ಷದಾಗ ಹೈಜಾಕ್ ಫೆಬ್ರವರಿ 25, 00:17 ಅಂತ ತೋರಸ್ತೈತಿ. ಮತ್ತ ಪ್ರತಿ ಫ್ರೇಮ್‌ಗೂ ನೋಡ್‌ಗಳು (ಎಎಸ್ ತೋರಸೋ ಚುಕ್ಕಿಗಳು) ಜಿಗದಾಡ್ತಾವ, ಕಣ್ಣ ಹಿಡಿಯಾಕ ಆಗವಲ್ದು.

ಧಾರವಾಡದಕ್ಕ
ನಾನೂ ಇದ ಆರ್ಕೈವ್ ಮ್ಯಾಲೆ ಕೆಲಸ ಮಾಡೀನಿ ತಮ್ಮಾ, ಬರೀತೀನಿ ತಡಿ.

ಟೈಮ್ ಸಣ್ಣ ಮಾತು. ಆರ್ಕೈವ್ ಪೂರಾ ಯುಟಿಸಿ, ನಿನ್ನ ಬ್ರೌಸರ್ ಅದಕ್ಕ ನಮ್ಮ ಐದೂವರೆ ತಾಸು ಕೂಡಸಾಕತ್ತೈತಿ. ಡಿ3ದಾಗ ಸ್ಕೇಲ್‌ಟೈಮ್ ಬದ್ಲಿ ಸ್ಕೇಲ್‌ಯುಟಿಸಿ ಹಾಕು, ಮುಗೀತು.

ಗೆರಿ ಉಳಿಯೋದು ದೊಡ್ಡ ವಿಷಯ. ಬಿಜಿಪಿಯೊಳಗ ಒಂದು ಪೀರ್ ಅದ ಪ್ರಿಫಿಕ್ಸ್‌ಗೆ ಹೊಸಾ ಪಾತ್ ಅನೌನ್ಸ್ ಮಾಡ್ತು ಅಂದ್ರ ಹಳೇದು ತಾನ ರದ್ದು, ಅದಕ್ಕ ಬ್ಯಾರೆ ವಿತ್‌ಡ್ರಾ ಕಳಸೋದಿಲ್ಲ. ಅವತ್ತು ಯೂಟ್ಯೂಬ್ 20:07ಕ್ಕ ತಾನೂ ಅದ /24 ಬಿಟ್ಟಿತ್ತಲ್ಲಾ, ಹಿಂಗಾಗಿ 3491 ಕೈ ಬಿಟ್ಟಾಗ ಭಾಳ ಮಂದಿ ರೂಟರ್‌ದಾಗ 36561ರ ದಾರಿ ತಯಾರ ಇತ್ತು, ಅವು ಸೀದಾ ಹೊಸಾ ಪಾತ್ ಹೇಳಿದ್ವು. ನೀ ವಿತ್‌ಡ್ರಾ ಬರ್ತೈತಿ ಅಂತ ಕಾಯ್ಕೋತ ಕುಂತ್ರ ಬರೋದಿಲ್ಲ.

ಗೆರಿಗೆ ಮೆಸೇಜ್ ಜೋಡಸಬ್ಯಾಡ. ಒಂದು ಡಿಕ್ಷನರಿ ಇಡು, ಕೀ ಅಂದ್ರ ಕಲೆಕ್ಟರ್ (ಪೀರ್‌ಗಳ ಮೆಸೇಜ್ ಬರಕೊಳ್ಳೋ ರಿಸ್ ಮಶೀನು), ಪೀರ್‌ನ ಐಪಿ, ಪ್ರಿಫಿಕ್ಸ್ ಮೂರೂ ಕೂಡಿ, ವ್ಯಾಲ್ಯೂ ಈಗಿನ ಪಾತ್. ಪೀರ್‌ನ ಎಎಸ್ ನಂಬರ್ ಒಂದ ಸಾಕಾಗೋದಿಲ್ಲ, ಒಂದ ಎಎಸ್ ಎರಡು ಸೆಶನ್ (ಕನೆಕ್ಷನ್) ಇಟ್ಟಿರಬಹುದು. ಅನೌನ್ಸ್ ಬಂದ್ರ ಮ್ಯಾಲೆ ಬರಿ, ವಿತ್‌ಡ್ರಾ ಬಂದ್ರ ಕೀ ತೆಗಿ, ಆಮ್ಯಾಲೆ ಉಳಿದ ಪಾತ್‌ಗಳಿಂದ ಗೆರಿ ಎಣಿಸು, ಎಣಿಕೆ ಸೊನ್ನೆ ಆದ್ರ ಗೆರಿ ಹೋತು.

ಜಿಗಿತಕ್ಕ: ಫೋರ್ಸ್ ಲೇಔಟ್ (ನೋಡ್ ಎಲ್ಲಿ ಕೂಡಬೇಕಂತ ಡಿ3 ಹಾಕೋ ಲೆಕ್ಕ) ಪ್ರತಿ ಫ್ರೇಮ್‌ಗೆ ಓಡಸಬ್ಯಾಡ. ಇಡೀ ದಿನದಾಗ ಕಂಡ ನೋಡ್ ಎಲ್ಲಾ ಒಂದ ಗ್ರಾಫ್ ಮಾಡಿ ಒಂದ ಸಲ ಲೇಔಟ್ ಹಾಕಿ ಎಫ್‌ಎಕ್ಸ್, ಎಫ್‌ವೈ (ನೋಡ್‌ನ ಜಾಗ) ಗಟ್ಟಿ ಮಾಡಿಬಿಡು. 21:01ರ ಸುತ್ತಮುತ್ತ ಗೆರಿ ಅತ್ತಿತ್ತ ಚಡಪಡಿಸೋದು ಬಂದ್ರ ಅದನ್ನ ತಿಕ್ಕಿ ನುಣ್ಣಗ ಮಾಡಾಕ ಹೋಗಬ್ಯಾಡ, ರೂಟರ್‌ಗಳು ಇದ್ದಬದ್ದ ಬದಲಿ ದಾರಿ ಒಂದೊಂದ ಹಿಡಿದು ನೋಡೋದ ಹಂಗ, ಅದು ಖರೇ ಡೇಟಾ.

ಗದಗ ಎನ್‌ಓಸಿ
ಅಕ್ಕಾರ ಹೇಳಿದ್ದು ಬರೋಬ್ಬರಿ. ನಂದೊಂದು ಕೂಡಸ್ತೀನಿ. ಪಾತ್‌ದಾಗ ಒಂದ ನಂಬರ್ ಎರಡು ಮೂರು ಸಲ ಬಂದ್ರ ಅದನ್ನ ಏನ್ ಮಾಡಾಕತ್ತೀದಿ?

ಉಣಕಲ್ ಹುಡುಗ
ಒಂದ ಮಾಡಿಬಿಡ್ತೀನ್ರಿ, ಇಲ್ಲಾಂದ್ರ ನೋಡ್ ತನಗ ತಾನ ಗೆರಿ ಹಾಕ್ಕೋತೈತಿ. ಅಕ್ಕಾರ, ಡಿಕ್ಷನರಿ ಹಾಕಿದ ಮ್ಯಾಲೆ 17557 ಬರೋಬ್ಬರಿ ಮಾಯ ಆತ್ರಿ, ಭಾಳ ಥ್ಯಾಂಕ್ಸ್.

ಗದಗ ಎನ್‌ಓಸಿ
ಗೆರಿ ತೆಗಿ, ಎಣಿಕೆ ತೆಗೀಬ್ಯಾಡ. 20:51ಕ್ಕ 3491 ಕೂಡ ಬರೋ ಪಾತ್‌ದಾಗ 17557 ಇನ್ನೊಂದು ಸಲ ಕೂಡೇತಿ. ಪಾತ್ ಒಂದು ಹೆಜ್ಜಿ ಉದ್ದ ಆತು, ಅದ /24 ಎರಡೂ ಕಡೆಯಿಂದ ಬರೋ ಮುಂದ ಉದ್ದ ಲೆಕ್ಕಕ್ಕ ಬರತೈತಿ, ಹಿಂಗಾಗಿ ಇನ್ನಷ್ಟು ರೂಟರ್ ಯೂಟ್ಯೂಬ್ ಕಡೆ ಹೊಳ್ಳಿದ್ವು. ನೀ ಎಣಿಕೆ ಒರಿಸಿದ್ರ ನೋಡೋರಿಗೆ ಗೆರಿ ಕಾರಣ ಇಲ್ಲದ ಸರಿದಂಗ ಕಾಣತೈತಿ. ನೋಡ್ ಬಾಜೂಕ ಸಣ್ಣಗ ×2 ಅಂತ ಬರಿ, ಸಾಕು. 20:18ಕ್ಕ ಯೂಟ್ಯೂಬ್ ಎರಡು /25 ಬಿಟ್ಟಿದ್ದೂ ಹಂಗ, ಅದಕ್ಕೊಂದು ಬ್ಯಾರೆ ಬಣ್ಣ ಕೊಡು, ಅಲ್ಲಿ ಗೆದ್ದಿದ್ದು ಪ್ರಿಫಿಕ್ಸ್ ಉದ್ದ, 20:51ಕ್ಕ ಗೆದ್ದಿದ್ದು ಪಾತ್. ಎರಡೂ ಬ್ಯಾರೆ ಅಂತ ಚಿತ್ರಾನ ಹೇಳಬೇಕು.

ಉಣಕಲ್ ಹುಡುಗ
ಇದು ಭಾಳ ಚಲೋ ಆತ್ರಿ ಅಣ್ಣಾರ, ಬಣ್ಣದ್ದು ಇವತ್ತ ಹಾಕ್ತೀನಿ. ಒಂದ ಪ್ರಶ್ನೆ ಉಳದೈತಿ, ಎಲ್ಲಾ ಬರೋಬ್ಬರಿ ಐತಿ ಅಂತ ಸರ್ ಮುಂದ ಹೆಂಗ ತೋರಸ್ಲಿ?

ಧಾರವಾಡದಕ್ಕ
ರಿಸ್‌ದಾಗ ಎಂಟು ತಾಸಿಗೊಂದು ರಿಬ್ ಡಂಪ್ ಐತೆಲ್ಲಾ, ನಡುರಾತ್ರಿ ಸುಮಾರಿಂದು ತೊಗೊಂಡು ಆ ಹೊತ್ತಿನ ನಿನ್ನ ಡಿಕ್ಷನರಿ ಕೂಡ ಪೀರ್ ಪೀರ್ ಹೋಲಿಸು. ಎಲ್ಲಾ ಕೂಡಿದ್ರ ನಿನ್ನ ಕೋಡ್ ಬರೋಬ್ಬರಿ. ಯಾವದರ ಪೀರ್ ಕೂಡಲಿಲ್ಲಾಂದ್ರ ಮೊದಲ ಸ್ಟೇಟ್ ಮೆಸೇಜ್ ನೋಡು, ಸೆಶನ್ ಬಿದ್ದಿದ್ರ ಆ ಪೀರ್‌ನ ಕೀ ಎಲ್ಲಾ ಖಾಲಿ ಮಾಡಬೇಕು, ಅದು ಎದ್ದ ಮ್ಯಾಲೆ ಪೂರಾ ಟೇಬಲ್ ಮತ್ತ ಕಳಸ್ತೈತಿ. ಆ ಹೋಲಿಕೆ ಟೇಬಲ್ ಥೀಸಿಸ್‌ದಾಗ ಹಾಕು, ಸರ್ ಕೇಳೋದ ಅದ.